ತೊಗಲುಹಿಟ್ಟು ತಿಂದ ಕೋಳಿಗಳು

ಏಳುಗೂಡು,
ಹದಿಮೂರನೆಯ ತಿಂಗಳ ಆರನೆಯ ದಿನ, 2219

ನನಗಿಂತ ಇನ್ನೂರು ವರ್ಷ ಹಿಂದೆ ಬದುಕಿರುವವರಿಗೆ,

ನನ್ನ ಮಾತು ನಿಮಗೆ ಒರಟಾಗಿ ಕೇಳಿಸಿದರೆ ಮನ್ನಿಸಿ. ನಿಮ್ಮ ಕಾಲದಲ್ಲಿಲ್ಲದ ಕೆಲಸಗಳಿಗೆ ನಾವು ಹೊಸ ಹೆಸರು ಕಟ್ಟಿಕೊಳ್ಳಬೇಕಾಯಿತು. ನಾನು ಗಂಗುಲಮ್ಮ, ಈ ಊರಿನ ಒಡಲುನೋಟಗಾರ್ತಿ. ಸತ್ತ ಕೋಳಿಯನ್ನು ಸೀಳಿ, ಅದರ ಯಕೃತ್ತು, ಮೂತ್ರಪಿಂಡ, ಮೂಳೆಗಳಲ್ಲಿ ಕಬ್ಬಿಣವೆಷ್ಟು, ಸತುವೆಷ್ಟು, ಸುಣ್ಣವೆಷ್ಟು ಎಂದು ಅಳೆಯುವವಳು. ನಮ್ಮಲ್ಲಿ ದನವಿಲ್ಲ, ಮೀನಿಲ್ಲ. ಏಳು ಉದ್ದನೆಯ ಗೂಡುಗಳಲ್ಲಿ ಹನ್ನೊಂದು ಸಾವಿರ ಕೋಳಿಗಳಿದ್ದವು. ಪ್ರತಿ ಮನೆಗೂ ದಿನಾ ತಲೆಗೊಂದು ಮೊಟ್ಟೆ ಹೋಗುತ್ತಿತ್ತು. ಕಾಳು ಮನುಷ್ಯರಿಗೇ ಸಾಲದು, ಹಾಗಾಗಿ ಕೋಳಿಗಳಿಗೆ ತೊಗಲುಹಿಟ್ಟು ಹಾಕುತ್ತಿದ್ದೆವು. ನಿಮ್ಮ ಕಾಲದ ಚರ್ಮದ ಕಾರ್ಖಾನೆಯವರು ಊರಾಚೆ ಗುಂಡಿಯಲ್ಲಿ ಹೂತಿಟ್ಟು ಹೋದ ತೊಗಲಿನ ಚೂರುಗಳನ್ನು ನಾವು ಅಗೆದು, ಬೇಯಿಸಿ, ಒಣಗಿಸಿ ಬೀಸಿದ ಹಿಟ್ಟು ಅದು. ಆ ಗುಂಡಿಯನ್ನು ಕಂಡುಹಿಡಿದವನು ನನ್ನ ತಮ್ಮ ಅಶ್ವತ್ಥಪ್ಪ. ಹಸಿವಿನ ವರ್ಷದಲ್ಲಿ ಊರನ್ನು ಉಳಿಸಿದನೆಂದು ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದಿದ್ದರು.

ಮೂರನೆಯ ವರ್ಷ ಕೋಳಿಗಳು ನಿಂತಲ್ಲೇ ಕಾಲು ಮುರಿದು ಬೀಳತೊಡಗಿದವು. ಬಿದ್ದದ್ದನ್ನು ಉಳಿದವು ಜೀವವಿರುವಾಗಲೇ ಕುಕ್ಕಿ, ಕರುಳು ಹೊರಗೆಳೆದು ತಿನ್ನುತ್ತಿದ್ದವು. ಸೀಳಿದರೆ ಯಕೃತ್ತು ಬೆರಳ ಸಂದಿಯಲ್ಲೇ ಕರಗಿ ಸೋರುತ್ತಿತ್ತು. ಅದರಲ್ಲಿ ಕಬ್ಬಿಣ ಅರ್ಧಕ್ಕಿಳಿದಿತ್ತು, ಸತು ಇನ್ನೂ ಕೆಳಗೆ. ಮೂಳೆ ಬಿಟ್ಟ ಸುಣ್ಣ ಮೂತ್ರಪಿಂಡದಲ್ಲಿ ಮರಳಿನಂತೆ ಕೂತಿತ್ತು. ಎಲ್ಲೆಲ್ಲೂ ಕ್ರೋಮಿಯಂ ತುಂಬಿತ್ತು. ನೀವು ತೊಗಲು ಹದ ಮಾಡಲು ಬಳಸಿದ್ದೇ ಅದು. ಅಷ್ಟರಲ್ಲಿ ಆ ಮೊಟ್ಟೆ ತಿಂದ ಊರಿನ ನಾಲ್ಕು ಮಕ್ಕಳು ನೆತ್ತರು ಕಾರಿ ಸತ್ತಿದ್ದವು.

ಮೊದಲು ತಮ್ಮನ ಬಳಿಗೆ ಹೋದೆ. "ಲೋ ಅಶ್ವತ್ಥ, ಹಿಟ್ಟು ನಿಲ್ಸು. ಅದ್ರಲ್ಲಿ ವಿಷ ಐತೆ."

"ಅಗೆಯೋರ ಪಾಲು ಅಂತ ದಿನಾ ಮೂರು ಮೊಟ್ಟೆ ತಿಂತೀನಿ ಕಣಕ್ಕ. ನಾನೇನು ಸತ್ನಾ? ಹಿಟ್ಟು ನಿಲ್ಸಿದ್ರೆ ಊರಿಗೆ ಏನ್ ತಿನ್ನಿಸ್ತೀಯ?"

ಮರುದಿನ ಅಂಗಳದಲ್ಲಿ ಜನ ಸೇರಿಸಿ ನನ್ನ ಅಳತೆಗಳನ್ನು ಓದಿದೆ. ಕೋಳಿಗಳನ್ನು ಕೊಲ್ಲಿ, ಗುಂಡಿ ಮುಚ್ಚಿ ಎಂದಷ್ಟೇ ನನ್ನ ಬೇಡಿಕೆಯಾಗಿತ್ತು. ಓದಿ ಮುಗಿಯುವ ಮೊದಲೇ, ಮಗು ಕಳೆದುಕೊಂಡ ಪಾಪಕ್ಕ ಗೂಡುಗಳ ಬಳಿ ನಿಂತಿದ್ದ ನನ್ನ ತಮ್ಮನತ್ತ ಬೆರಳು ತೋರಿಸಿ ಚೀರಿದಳು: "ನನ್ ಮಗೀನ ತಿಂದೋನು ಇವ್ನೇ!"

ಜನ ಗೂಡುಗಳ ಬಾಗಿಲು ಒಡೆದರು. ಕುತ್ತಿಗೆ ತಿರುಚಿದರು, ಗೋಡೆಗೆ ಬಡಿದರು, ತುಳಿದರು. ನೆತ್ತರಿಗೆ ಪುಕ್ಕ ಅಂಟಿ ಮನುಷ್ಯರ ಮುಖವೇ ಗೊತ್ತಾಗದಂತಾಯಿತು. ಮೂರನೆಯ ಗೂಡಿನ ಬಾಗಿಲಲ್ಲಿ ಸಲಿಕೆ ಹಿಡಿದು ನಿಂತಿದ್ದ ತಮ್ಮ ಒಬ್ಬನ ದವಡೆ ಮುರಿದ. ಆಮೇಲೆ ಎಲ್ಲರೂ ಅವನ ಮೇಲೆ ಬಿದ್ದರು. ನಾನು ಪಾಪಕ್ಕನ ಜುಟ್ಟು ಹಿಡಿದೆಳೆದೆ, ಯಾರದೋ ಕೈ ಕಚ್ಚಿದೆ. ಒಂದು ಬಡಿಗೆ ನನ್ನ ಎಡತೋಳನ್ನು ಮುರಿಯಿತು. "ಅಕ್ಕಾ, ಹೇಳು ಇವ್ರಿಗೆ!" ಎಂದು ಅವನು ಕೂಗಿದ್ದು ಕೇಳಿಸಿತು. ಹೇಳುವುದನ್ನೆಲ್ಲ ನಾನು ಆಗಲೇ ಹೇಳಿಬಿಟ್ಟಿದ್ದೆ.

ಅವನ ಹೆಣವನ್ನು ಸೀಳಿ ನೋಡಿದವಳೂ ನಾನೇ, ಉಳಿದ ಒಂದೇ ಕೈಯಲ್ಲಿ. ಬೇಡವೆಂದು ಎಷ್ಟೋ ಜನ ಕಾಲು ಹಿಡಿದರು. ಅವನ ಯಕೃತ್ತು ಕೋಳಿಯದರ ಹಾಗೆಯೇ ಸೋರಿತು. ಮೂತ್ರಪಿಂಡದಲ್ಲಿ ಅದೇ ಮರಳು. ಅವನು ಸುಳ್ಳು ಹೇಳಿರಲಿಲ್ಲ. ಎಲ್ಲರಿಗಿಂತ ಹೆಚ್ಚು ತಿಂದಿದ್ದ, ಅಷ್ಟೆ. ಆ ಅಳತೆಗಳನ್ನೂ ಅದೇ ಅಂಗಳದಲ್ಲಿ ನಿಂತು ಓದಿದೆ. ಪಾಪಕ್ಕ ನೆಲಕ್ಕೆ ಕುಸಿದು ಹಣೆ ಚಚ್ಚಿಕೊಂಡಳು.

ಈಗ ಸೊಪ್ಪು, ಗೆಡ್ಡೆ ತಿಂದು ಬದುಕಿದ್ದೇವೆ. ನಿಮ್ಮ ಕಾಲದಲ್ಲಿ ಆ ತೊಗಲಿನ ಚೂರುಗಳು ಇನ್ನೂ ಹೊಸವು, ಕಣ್ಣೆದುರಿಗೇ ಇವೆ. ಮಣ್ಣು ಮುಚ್ಚಿ ಎದ್ದು ಹೋಗಬೇಡಿ. ಹಸಿದವರು ಎಂದಾದರೂ ಅಗೆದೇ ಅಗೆಯುತ್ತಾರೆ. ನಮ್ಮ ಜನ ಅಶ್ವತ್ಥಪ್ಪನನ್ನು ಬಡಿದು ಕೊಂದದ್ದು ನೀವು ಕೈಗೆ ಸಿಗಲಿಲ್ಲವೆಂದು. ಸಿಕ್ಕಿದ್ದರೆ, ಆಣೆಯಿಟ್ಟು ಹೇಳುತ್ತೇನೆ, ನಾನೂ ಒಂದು ಬಡಿಗೆ ಹಿಡಿಯುತ್ತಿದ್ದೆ.

ಗಂಗುಲಮ್ಮ