ಸುಣ್ಣದ ನೀರಿನ ವರ್ಷ

೩ ನವೆಂಬರ್ ೧೯೫೮, ಮಡಿಕೇರಿ
ಬೆಳಿಗ್ಗೆ ಎರಡು ಜಾಮೀನು ಅರ್ಜಿ. ಒಂದು ಸಿಕ್ಕಿತು. ಮಧ್ಯಾಹ್ನ ಮತ್ತೆ ಪೇಟೆಂಟ್ ಫೈಲು. ಬಾರ್ ರೂಮಿನಲ್ಲಿ ನಗು — ಈ ಊರಲ್ಲಿ ಪೇಟೆಂಟ್ ಕೇಸಾ!
ಕಕ್ಷಿದಾರ ಅಮ್ಮತ್ತಿಯ ಕಂಪೌಂಡರ್ ಮೊಣ್ಣಪ್ಪ. ಎಸ್ಟೇಟ್ ಕೂಲಿಗಳ ಲೈನುಮನೆಗಳಲ್ಲಿ ಕಾಲುಹುಣ್ಣಿಗೆ ಇವನ ಎಣ್ಣೆಯೇ ಮದ್ದು. ಎಣ್ಣೆಯನ್ನು ಸುಣ್ಣದ ನೀರಲ್ಲಿ ಶುದ್ಧಿ ಮಾಡುವ ಕ್ರಮ ತಮ್ಮದು, ೧೯೫೨ರಿಂದ ಪೇಟೆಂಟ್ ಇದೆ ಅಂತ ಬೊಂಬಾಯಿಯ ಕಂಪನಿ ದಾವೆ ಹೂಡಿದೆ. ಸುಣ್ಣ ಹಾಕಬಾರದು ಅಂತ ತಡೆಯಾಜ್ಞೆ ಬಂದು ಮೂರು ತಿಂಗಳು. ಸುಣ್ಣವಿಲ್ಲದ ಎಣ್ಣೆ ಹುಣ್ಣನ್ನೇ ಸುಡುತ್ತೆ. ಉಳಿದದ್ದು ಒಂದೇ ದಾರಿ — ೫೨ಕ್ಕೆ ಮೊದಲೇ ಇಲ್ಲಿ ಹಾಗೆ ಮಾಡ್ತಿದ್ರು ಅಂತ ರುಜುವಾತು.

೯ ನವೆಂಬರ್
ಬಾಳೆಲೆಗೆ ಹೋದೆ. ಬೊಳ್ಳಮ್ಮ, ಎಸ್ಟೇಟ್ ಆಸ್ಪತ್ರೆಯ ಹಳೇ ನರ್ಸ್. ಮೊಣ್ಣಪ್ಪನ ಜೊತೆ ಎಣ್ಣೆ ಕಾಯಿಸಿದವರು.
"ಎಣ್ಣೆ ಮೊದಲಿಂದ ಇತ್ತು. ಸುಣ್ಣದ ನೀರು ಹಾಕಿದ್ದು ನಾನು ಕೆಲಸ ಬಿಟ್ಟ ವರ್ಷ. ಐವತ್ತನಾಲ್ಕು."
"ಸರಿಯಾಗಿ ನೆನಪಿದೆಯಾ?"
"ನೆನಪಿಲ್ದೆ ಏನು ವಕೀಲರೇ."
ಪೇಟೆಂಟ್ ಆದ ಎರಡು ವರ್ಷದ ಮೇಲೆ. ಮುಗಿಯಿತು.

೧೭ ನವೆಂಬರ್
ಮೊಣ್ಣಪ್ಪ ಬಂದ. ಜೊತೆಗೆ ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ ಶಿವಮ್ಮ. ಕಾಲಿನ ಬಟ್ಟೆ ಬಿಚ್ಚಿದಳು. ಮೂಳೆ ಕಾಣ್ತಿತ್ತು. ಕಾಲು ತೆಗೀಬೇಕಾದೀತು ಅಂತಾರೆ ಡಾಕ್ಟರು. ಕಂಪನಿಯ ಮದ್ದು ಈ ಕಡೆಗೆ ಬಂದೇ ಇಲ್ಲ.
ಮೊಣ್ಣಪ್ಪ ಅಂದ, "ಬೊಳ್ಳಮ್ಮ ಐವತ್ತನೇ ಇಸವಿ ಅಂದ್ರೆ ಸಾಕಲ್ಲ ಸರ್. ಒಂದು ಮಾತು."
ಬೈದು ಕಳಿಸಿದೆ. ಊಟ ಸೇರಲಿಲ್ಲ. ಹೆಂಡತಿ ಯಮುನ ಯಾಕೆ ಅಂತ ಎರಡು ಸಲ ಕೇಳಿದಳು... ಕೇಸಿನ ಕೆಲಸ ಅಂದುಬಿಟ್ಟೆ.

೨೩ ನವೆಂಬರ್
ಮತ್ತೆ ಬಾಳೆಲೆ. ಐವತ್ತು ಅಂತ ಹೇಳ್ತೀರಾ ಅಂತ ಕೇಳಿಬಿಟ್ಟೆ.
ಬೊಳ್ಳಮ್ಮ ಅಂದರು, "ನೀವು ಕೋರ್ಟು ತಿಳಿದವರು. ತಪ್ಪಲ್ಲ ಅಂದ್ರೆ ಹೇಳ್ತೀನಿ."
ತಪ್ಪಲ್ಲ ಅಂದೆ.

೧೧ ಡಿಸೆಂಬರ್
ಕಟಕಟೆಯಲ್ಲಿ ಬೊಳ್ಳಮ್ಮ ಐವತ್ತು ಅಂದರು. ಎದುರು ವಕೀಲರು ದನಿ ಎತ್ತಲಿಲ್ಲ. "ವರ್ಷ ಹೇಗೆ ನೆನಪಮ್ಮ?" ಅಷ್ಟೇ ಕೇಳಿದ್ದು.
ಬೊಳ್ಳಮ್ಮ ನನ್ನ ಕಡೆ ನೋಡಿದರು. "ನೆನಪಿರೋದು ಐವತ್ತನಾಲ್ಕು. ಐವತ್ತು ಅನ್ನಿ ಅಂದಿದ್ದು ನಮ್ಮ ವಕೀಲರು."
ಜಡ್ಜ್ ಪೆನ್ನು ಕೆಳಗಿಟ್ಟರು.

೨೦ ಡಿಸೆಂಬರ್
ಕೇಸು ಹೋಯಿತು. ಶಿವಮ್ಮನ ಕಾಲು ಮಂಡಿ ಕೆಳಗೆ ತೆಗೆದರಂತೆ.
ನನಗೆ ಕೋರ್ಟಿನ ನೋಟೀಸು — ವಿವರಣೆ ಕೊಡಿ. ಬೊಳ್ಳಮ್ಮನಿಗೂ ಒಂದು, ಸುಳ್ಳು ಸಾಕ್ಷಿಗೆ. ನಾನು ಒಪ್ಪಿಕೊಂಡರೆ ವಕೀಲಿ ಸನದು ಹೋಗುತ್ತೆ. ಒಪ್ಪದಿದ್ದರೆ ಅವರು ಜೈಲಿಗೆ. "ಮುದುಕಿಗೆ ಅರಳುಮರಳು ಅಂತ ಬರೆದುಬಿಡಿ" — ಬಾರ್ ರೂಮಿನವರ ಬುದ್ಧಿವಾದ.
ಹಾಗೇ ಟೈಪು ಮಾಡಿಸಿದೆ.

೭ ಜನವರಿ ೧೯೫೯, ಬೆಳಿಗ್ಗೆ ೮
ಹನ್ನೊಂದಕ್ಕೆ ಹಾಜರಾಗಬೇಕು. ಟೈಪಾದ ಕಾಗದ ಹರಿದೆ. ಯಮುನಗೆ ಎಲ್ಲ ಹೇಳಿದೆ. ಅತ್ತಳು. ಈಗ ನನ್ನ ಕೋಟಿಗೆ ಇಸ್ತ್ರಿ ಹಾಕ್ತಿದಾಳೆ.
ಕೈಯಲ್ಲೇ ಬರೆದೆ, ನಾಲ್ಕು ಸಾಲು. ಹೇಳಿಕೊಟ್ಟವನು ನಾನು, ಬೊಳ್ಳಮ್ಮನ ತಪ್ಪಿಲ್ಲ. ಸಹಿ ಹಾಕಿದೆ.
ಹೊರಗೆ ಯಾರೋ... ಯಮುನ ಕೂಗ್ತಿದಾಳೆ, ಬೊಳ್ಳಮ್ಮ ಬಂದಿದಾರೆ, ಒಳಗೆ ಬರೋಲ್ಲ ಅಂತಾರೆ, ನೀವೇ ಬನ್ನಿ ಅಂತ. ಏನಂತ ಅವರ ಮುಖ ನೋಡಲಿ... ಸಹಿ ಹಾಕಿದ ಕಾಗದ ಹಿಡಿದೇ ಹೋಗ್ತೀನಿ.