ಬ್ರೇಕಿನ ಮೇಲೆ ಎರಡು ಬೆರಳು

ಫೆಬ್ರವರಿ 22, ಶನಿವಾರ, ಬೆಳಿಗ್ಗೆ

ಬಚ್ಚಲುಮನೆ ಇವತ್ತೂ ಸಿಗಲಿಲ್ಲ. ಅಣ್ಣ ಯಾರ್ನೆ ಒಳಗೆ ಕಾಲು ಬೋಳಿಸುತ್ತಿದ್ದಾನೆ. ನಾಳೆ ಸೈಕಲ್ ರೇಸ್, ರೇಸಿನವರೆಲ್ಲ ಬೋಳಿಸುತ್ತಾರೆ. ಇವನಿಗೆ ಹದಿನಾಲ್ಕಾದಾಗಿನಿಂದ ಇವನ ಕಾಲಲ್ಲಿ ಒಂದು ಕೂದಲು ನೋಡಿದವಳಲ್ಲ ನಾನು. ಬಾಗಿಲು ಬಡಿದೆ.

"ಅಣ್ಣಾ, ಬೇಗ ಬಾ. ಕೆಳಗೆ ಅಮ್ಮ ಕರೀತಿದಾಳೆ."

"ಇನ್ನೊಂದು ಕಾಲು ಬಾಕಿ ಇದೆ ಕಣೇ."

ಕೊನೆಗೆ ಅಡುಗೆಮನೆ ನಲ್ಲಿಯಲ್ಲೇ ಮುಖ ತೊಳೆದು ಕೆಳಗಿನ ನಮ್ಮ ಕೆಫೆಗೆ ಇಳಿದೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಕೆಮಿಸ್ಟ್ರಿ ಮೌಖಿಕದಲ್ಲಿ ಇಪ್ಪತ್ತಕ್ಕೆ ಏಳು. ಉತ್ತರ ಗೊತ್ತಿತ್ತು... ಪ್ರೊಫೆಸರ್ ಕನ್ನಡಕದ ಮೇಲಿಂದ ನೋಡಿದರು, ಅಷ್ಟೇ. ನನ್ನ ಬಾಯಿ ತೆರೆಯಲೇ ಇಲ್ಲ.

ಸಂಜೆ

ಅದೇ ಜಗಳ. ಈಗ ಎಲ್ಲರಿಗಿಂತ ವೇಗದ ಸ್ಪ್ರಿಂಟರ್ ಯಾರು.

"ಬೆನಾಸ್ಸಿ," ಅಂದ ಆಕೀಲ್. ಬೇಕರಿ ಮಗನಿಗೆ ಬಿಟ್ಟುಕೊಟ್ಟ ಮೇಲೆ ಇಲ್ಲೇ ಕೂತಿರುತ್ತಾನೆ. "ಹೋದ ವರ್ಷ ಹನ್ನೊಂದು ಗೆದ್ದಿದಾನೆ."

"ಮುಂದೆ ನಾಲ್ಕು ಜನ ಗಾಳಿ ಸೀಳಿಕೊಟ್ರೆ ನಮ್ಮನೆ ಬೆಕ್ಕೂ ಹನ್ನೊಂದು ಗೆಲ್ಲುತ್ತೆ," ಅಂದ ಓಮರ್. "ಆ ಎರಿಟ್ರಿಯಾದ ಹುಡುಗ ಹಬ್ತೊಮ್‌ನ ನೋಡು. ಒಬ್ಬನೇ ನುಗ್ಗಿ ಬರ್ತಾನೆ."

"ಗೆದ್ದ ಲೆಕ್ಕ ನೋಡೋದಾ, ವೇಗ ನೋಡೋದಾ?" ಅಂದೆ.

"ಬಂದಳಪ್ಪ ಪ್ರೊಫೆಸರಮ್ಮ," ಅಂದ ಆಕೀಲ್. "ಅಮ್ಮ ಇಂಗ್ಲಿಷ್‌ನೋಳು, ಅರ್ಧ ಇಂಗ್ಲಿಷ್‌ನೋರಿಗೆ ಇದೆಲ್ಲ ಅರ್ಥ ಆಗಲ್ಲ ಮಗಳೇ, ಹೋಗಿ ಚೀಸ್ ತಗೊಂಬಾ."

ಯಾರ್ನೆಯ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಓಮರ್ ಯಾರ್ನೆಯ ಅಭಿಮಾನಿ ಸಂಘದ ಅಧ್ಯಕ್ಷ. ಎರಡು ವರ್ಷದ ಹಿಂದೆ ಈ ಕೆಫೆಯಲ್ಲಿ ಬೇರೆಯವನ ಹೆಸರು ಹೇಳಿದರೆ ಎದ್ದು ಬಾಗಿಲು ತೋರಿಸುತ್ತಿದ್ದ. ಈಗ ಅವನ ಬಿಯರ್ ಲೋಟ ಅಣ್ಣನ ಮೂಗಿನ ಮೇಲೆ ಕೂತಿದೆ. ಲೋಟದ ಕೆಳಗಿಡುವ ರಟ್ಟುಗಳ ಮೇಲೆಲ್ಲ ಇನ್ನೂ ಅಣ್ಣನ ಮುಖವೇ.

ಫೆಬ್ರವರಿ 23

ಕೊನೆಯ ತಿರುವಿನಲ್ಲಿ ಅಣ್ಣ ನಾಲ್ಕನೆಯವನಾಗಿದ್ದ. ಗೆರೆ ದಾಟುವಾಗ ಹತ್ತೊಂಬತ್ತನೆಯವನು. "ಕಾಲು ಬರಲಿಲ್ಲ," ಅಂದ ಟಿವಿಯವರಿಗೆ.

ಕಾಲಲ್ಲ. ಎದುರಿನ ಕ್ಯಾಮೆರಾದಲ್ಲಿ ನಿಧಾನವಾಗಿ ತೋರಿಸಿದರು. ಉಳಿದವರೆಲ್ಲ ಹ್ಯಾಂಡಲನ್ನು ಮುಷ್ಟಿಯಲ್ಲಿ ಹಿಡಿದಿದ್ದಾರೆ. ಇವನ ಎರಡು ಬೆರಳು ಬ್ರೇಕಿನ ಮೇಲೆ. ಹೋದ ವರ್ಷ ಬಿದ್ದು ಭುಜದ ಮೂಳೆ ಮುರಿದ ಮೇಲೆ... ಕೆಫೆಯಲ್ಲಿ ಯಾರೂ ಗಮನಿಸಲಿಲ್ಲ. ನನಗೆ ಕಂಡಿತು. ಪ್ರೊಫೆಸರರ ಮುಂದೆ ನನ್ನ ಬೆರಳುಗಳೂ ಹಾಗೇ ಇದ್ದವು, ಮೇಜಿನ ಅಂಚಿನ ಮೇಲೆ.

ಮಾರ್ಚ್ 9

ಅಣ್ಣನಿಗೆ ಬೆರಳಿನ ವಿಷಯ ಹೇಳಿಬಿಟ್ಟೆ. ಹಿತ್ತಲಲ್ಲಿ ಸೈಕಲ್ ತೊಳೆಯುತ್ತಿದ್ದ.

"ಕಾಲೇಜು ಹಾಸ್ಟೆಲ್‌ನಲ್ಲಿ ಇದನ್ನೇ ಕಲಿಸಿದ್ರಾ? ಅಣ್ಣನ ಬೆರಳು ಎಣಿಸೋದು?"

ಚೈನನ್ನು ಬಹಳ ಹೊತ್ತು ಉಜ್ಜಿದ.

"ಬೇಕಂತ ಇಡಲ್ಲ ಫೀನ್. ಅದೇ ಹೋಗಿ ಕೂರುತ್ತೆ. ಈ ವರ್ಷಕ್ಕೆ ಕಾಂಟ್ರ್ಯಾಕ್ಟ್ ಮುಗಿಯುತ್ತೆ. ಒಂದು ಗೆಲುವು ಬೇಕು ನನಗೆ. ಒಂದೇ ಒಂದು."

"ಏನಾದರೂ ಆಗಲಿ, ಕೈ ತೆಗಿ. ಅಷ್ಟೇ."

ಹೇಳುವುದು ಎಷ್ಟು ಸುಲಭ. ನನಗೆ ನಾನೇ ಹೇಳಿಕೊಳ್ಳಲು ಆಗದ್ದು.

ಜೂನ್ 11, ಬುಧವಾರ

ಮೂರು ತಿಂಗಳು ಬರೆದಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಮತ್ತೆ ಕೆಮಿಸ್ಟ್ರಿ. ಮತ್ತೆ ಏಳು. ಸೆಪ್ಟೆಂಬರಿನಲ್ಲಿ ಇನ್ನೊಂದು ಸಲ, ಅದೇ ಕೊನೆ.

ಇವತ್ತು ನಮ್ಮ ಸೀಮೆಯದೇ ರೇಸ್. ಕೆಫೆಯ ಟಿವಿ ಮುಂದೆ ನಿಲ್ಲಲು ಜಾಗವಿಲ್ಲ. ಕೊನೆಯ ನೇರ ದಾರಿಯಲ್ಲಿ ಅಣ್ಣ ಹಬ್ತೊಮ್‌ನ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಬಂದ. ನಾನು ಬೆರಳುಗಳನ್ನು ಮಾತ್ರ ನೋಡುತ್ತಿದ್ದೆ. ಮುಷ್ಟಿ. ಹತ್ತೂ ಬೆರಳು ಮುಷ್ಟಿಯಲ್ಲಿ. ಪಕ್ಕಕ್ಕೆ ಸರಿದ, ದಾಟಿದ, ಒಂದು ಇಡೀ ಸೈಕಲ್ ಉದ್ದ ಮುಂದೆ.

ಅಮ್ಮ ಗಂಟೆ ಬಾರಿಸಿದಳು. ಅಪ್ಪ ಇದ್ದಾಗಿನ ಗಂಟೆ, ಕೌಂಟರಿನ ಮೇಲಿನದು. ಯಾರ್ನೆ ಗೆದ್ದರೆ ಎಲ್ಲರಿಗೂ ಬಿಟ್ಟಿ ಬಿಯರ್.

ಅದೇ ಕ್ಷಣ ಅವನು ಎರಡೂ ಕೈ ಮೇಲೆತ್ತಿದ. ಗೆರೆ ಇನ್ನೂ ಬಂದಿರಲಿಲ್ಲ. ಕೈ ಎತ್ತಿದವನು ಬೆನ್ನು ಎತ್ತಿದ, ಗಾಳಿ ಎದೆಗೆ ಬಡಿಯಿತು. ಹಬ್ತೊಮ್ ತಲೆ ಬಗ್ಗಿಸಿಯೇ ಇದ್ದ, ತೋಳು ಚಾಚಿ ಸೈಕಲ್ಲನ್ನು ಗೆರೆಯತ್ತ ತಳ್ಳಿದ.

ಟೈರಿನ ಅಗಲದಷ್ಟು. ಅಷ್ಟರಲ್ಲಿ ರೇಸ್ ಹೋಯಿತು.

ಗಂಟೆ ಇನ್ನೂ ಗುಂಯ್ ಅನ್ನುತ್ತಿತ್ತು. ಅಮ್ಮ ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದಳು. ಯಾರೂ ಅವಳ ಕಡೆ ನೋಡಲಿಲ್ಲ.

"ಸುರಿದಿದ್ದನ್ನ ವಾಪಸ್ ಪೀಪಾಯಿಗೆ ಹಾಕೋಕಾಗುತ್ತಾ," ಅಂದ ಆಕೀಲ್ ಕೊನೆಗೆ. ಎಲ್ಲರೂ ಕುಡಿದರು, ಸಾವಿನ ಮನೆಯಲ್ಲಿ ಕಾಫಿ ಕುಡಿದ ಹಾಗೆ.

ಜೂನ್ 12

ಓಮರ್ ಎದ್ದು ನಿಂತು ವಾದಿಸಿದ. "ಟಿವಿಯಲ್ಲೇ ತೋರಿಸಿದ್ರು. ಗಂಟೆಗೆ ಎಪ್ಪತ್ತೆರಡು ಕಿಲೋಮೀಟರ್ ನಮ್ಮವನದು. ಅವನದು ಎಪ್ಪತ್ತು. ಹಾಗಾದ್ರೆ ಯಾರು ವೇಗ? ಹೇಳ್ರಪ್ಪ."

"ಸೋತವನು ವೇಗ ಅಂತೀಯಾ?" ಅಂದ ಆಕೀಲ್.

"ಸೋತಿದ್ದು ಕೈ. ಕಾಲಲ್ಲ."

ಯಾರ್ನೆ ಬಾಗಿಲಲ್ಲಿ ನಿಂತಿದ್ದು ಯಾರಿಗೂ ಗೊತ್ತಿರಲಿಲ್ಲ. ನಕ್ಕ. ಓಮರನ ಹೆಗಲು ತಟ್ಟಿ ಮೇಲೆ ಹೋದ. ಮೆಟ್ಟಿಲಲ್ಲಿ ನಾನು ಸಿಕ್ಕಿದೆ. ಗೋಡೆಗೆ ಒರಗಿ ದಾರಿ ಬಿಟ್ಟ.

"ಕೈ ತೆಗಿ ಅಂದಿದ್ದೆ ನೀನು. ತೆಗೆದೆ."

ಸಿಟ್ಟಿರಲಿಲ್ಲ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 16

ಟೀಮ್‌ನವರು ಫೋನ್ ಮಾಡಿದರು. ಮುಂದಿನ ವರ್ಷ ಬೇಡವಂತೆ. ಬೇರೆ ಯಾರೂ ಕೇಳಿಲ್ಲ. ಅಮ್ಮ ಅಡುಗೆಮನೆಯಲ್ಲಿ ಅಳುತ್ತಿದ್ದಳು, ಇಂಗ್ಲಿಷಿನಲ್ಲಿ ತನಗೆ ತಾನೇ ಏನೋ ಹೇಳಿಕೊಳ್ಳುತ್ತ. ಗಂಟೆಯ ದಾರ ಬಿಚ್ಚಿಟ್ಟಿದ್ದಾಳೆ.

ಕಿಟಕಿ ಪಕ್ಕದ ಮೇಜು ಅಲ್ಲಾಡುತ್ತಿತ್ತು. ಆಕೀಲ್ ಅದರ ಕಾಲಿನ ಕೆಳಗೆ ರಟ್ಟು ಮಡಚಿ ಇಟ್ಟ. ಅಣ್ಣನ ಅರ್ಧ ಮುಖ ಹೊರಗೆ ಕಾಣುತ್ತದೆ.

ಆಗಸ್ಟ್ 30, ಶನಿವಾರ

ಬೆಳಿಗ್ಗೆ ಬಚ್ಚಲುಮನೆ ಬಾಗಿಲು ತೆರೆದೇ ಇತ್ತು. ಬ್ಲೇಡು ಒಣಗಿತ್ತು. ಎಷ್ಟು ಬೇಕೋ ಅಷ್ಟು ಹೊತ್ತು ಒಳಗಿರಬಹುದಿತ್ತು. ಇರಲಾಗಲಿಲ್ಲ.

ಕೆಳಗೆ ಚಡ್ಡಿಯಲ್ಲಿ ನಿಂತು ಅಣ್ಣನೇ ಪೀಪಾಯಿಯಿಂದ ಲೋಟಕ್ಕೆ ಬಿಯರ್ ಹಿಡಿಯುತ್ತಿದ್ದ. ಓಮರ್, ಆಕೀಲ್, ಅದೇ ಜಗಳ.

"ನಾವು ಕೂತು ಹೇಳೋರು. ನೀನು ರೇಸಲ್ಲಿ ತುಳಿದವನು," ಅಂದ ಆಕೀಲ್. "ನೀನೇ ಹೇಳಪ್ಪ, ಈಗ ಎಲ್ಲರಿಗಿಂತ ಯಾರು ವೇಗ?"

ಓಮರ್ ಬಗ್ಗಿ ತನ್ನ ಬೂಟು ನೋಡಿಕೊಂಡ. ಅಣ್ಣ ಲೋಟದ ನೊರೆ ಕೆರೆದು ತೆಗೆದ.

"ಹಬ್ತೊಮ್."

ಇಷ್ಟು ವರ್ಷದಲ್ಲಿ ಮೊದಲ ಸಲ ಈ ಜಗಳ ಮುಗಿಯಿತು.

ಕೌಂಟರಿನ ಹಿಂದೆ ಹೋದಾಗ ಅವನ ಕಾಲು ಕಂಡಿತು. ಕಣಕಾಲಿನಿಂದ ಮೇಲಕ್ಕೆ, ಹೊಂಬಣ್ಣದ ಕೂದಲು. ಅಪ್ಪನ ಕಾಲಿನ ಹಾಗೆ. ನಾನು ನೋಡಿದ್ದನ್ನು ಅವನು ನೋಡಿದ.

"ನಿಂದು ಸೋಮವಾರ ಅಲ್ವಾ ಮೌಖಿಕ?"

ಹೂಂ ಅಂದೆ.

"ಎಲ್ಲಾ ಬರುತ್ತೆ ನಿಂಗೆ. ಕೈ ಎತ್ತೋಕೆ ಮಾತ್ರ ಅವಸರ ಮಾಡ್ಬೇಡ."

ಕ್ಷಮಿಸು ಅನ್ನಬೇಕಿತ್ತು. ಆ ಒಂದೇ ಮಾತು, ಜೂನ್‌ನಿಂದ ನಾಲಿಗೆ ಮೇಲೇ ಇದೆ. ಅವನು ಕಾಯುತ್ತಿದ್ದ, ಲೋಟ ಹಿಡಿದುಕೊಂಡು. ನಾನು ಕೌಂಟರಿನ ಅಂಚು ಹಿಡಿದೆ, ಎರಡು ಬೆರಳಿನಲ್ಲಿ. ಬಾಯಿ ತೆರೆಯಲೇ ಇಲ್ಲ.