ಪರೀಕ್ಷಾ ಕೊಠಡಿಯಲ್ಲಿ ತುಟಿ ಅಲ್ಲಾಡಿಸಿದ ಅಪರಾಧ

ಪದವಿ ಪರೀಕ್ಷೆಗಳ ಉಸ್ತುವಾರಿ ಹೊತ್ತಿರುವ ಮಾನ್ಯರೇ,

ಕಳೆದ ಪರೀಕ್ಷೆಯಲ್ಲಿ ನಿಮ್ಮ ತಪಾಸಣಾ ತಂಡದವರು ನನ್ನನ್ನು ನಕಲು ಮಾಡುತ್ತಿದ್ದಾಳೆಂದು ಎಬ್ಬಿಸಿ ಹೊರಗೆ ಕಳಿಸಿದರು. ನನ್ನ ಬಳಿ ಚೀಟಿ ಇರಲಿಲ್ಲ, ಮೊಬೈಲ್ ಇರಲಿಲ್ಲ, ಪಕ್ಕದಲ್ಲಿದ್ದವರು ಬೇರೆ ವಿಷಯದ ಪರೀಕ್ಷೆ ಬರೆಯುತ್ತಿದ್ದರು. ನನ್ನ ತುಟಿ ಅಲ್ಲಾಡುತ್ತಿತ್ತು, ಅಷ್ಟೇ. ಪ್ರಶ್ನೆಯನ್ನು ನನಗೆ ನಾನೇ ಪಿಸುದನಿಯಲ್ಲಿ ಓದಿಕೊಳ್ಳದಿದ್ದರೆ, ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಅದರ ಆರಂಭ ಮರೆತುಹೋಗುತ್ತದೆ. ಇದನ್ನು ಪರೀಕ್ಷೆಗೆ ಮೊದಲೇ ನಿಮ್ಮ ಕಚೇರಿಗೆ ಬಂದು ನಿಮ್ಮೆದುರೇ ಹೇಳಿದ್ದೆ. ನೀವು ಮರೆತಿರಬಹುದು. ಮರೆವಿನ ವಿಷಯದಲ್ಲಿ ನಾನು ಯಾರನ್ನೂ ದೂರುವ ಸ್ಥಿತಿಯಲ್ಲಿಲ್ಲ.

ನಾನು ಕಿರಂಗೂರಿನವಳು, ಪಾಂಡವಪುರದಲ್ಲಿ ಬಿ.ಎ. ಓದುತ್ತೇನೆ. ಕಾಲೇಜಿನ ಖೊಖೊ ತಂಡದಲ್ಲಿದ್ದೆ. ಎರಡು ವರ್ಷದ ಹಿಂದೆ ಕೆ.ಆರ್. ಪೇಟೆಯಲ್ಲಿ ಪಂದ್ಯವಿತ್ತು. ಓಡುತ್ತಿದ್ದವಳನ್ನು ಮುಟ್ಟಲು ಕಂಬದ ಕಡೆ ಹಾರಿದೆ. ಅವಳು ತಪ್ಪಿಸಿಕೊಂಡಳು, ನನ್ನ ತಲೆ ಕಂಬಕ್ಕೆ ಬಡಿಯಿತು. ಎದ್ದು ಮಣ್ಣು ಕೊಡವಿಕೊಂಡೆ. ಗೆಳತಿ ಮೇಘನ ಓಡಿಬಂದು, "ಏನಾಯ್ತೇ? ಆಚೆ ಕೂತ್ಕತೀಯಾ?" ಅಂದಳು. "ಏನೂ ಆಗಿಲ್ಲ ಕಣೇ, ಆಡು" ಅಂದೆ. ಗೆದ್ದೆವು. ವಾಪಸು ಬರುವ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಅವಳ ತೊಡೆಯ ಮೇಲೇ ಪ್ರಜ್ಞೆ ತಪ್ಪಿದೆನಂತೆ. ಮೈಸೂರಿನಲ್ಲಿ ಬುರುಡೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆದರು. ಗೆದ್ದ ಕಪ್ ಪ್ರಾಂಶುಪಾಲರ ಕೋಣೆಯ ಗಾಜಿನ ಬೀರುವಿನಲ್ಲಿ ಕ್ಷೇಮವಾಗಿದೆ.

ನನ್ನ ಕೂದಲು ಬೆಳೆದು ಹೊಲಿಗೆಯ ಗುರುತು ಮುಚ್ಚಿಕೊಂಡ ದಿನವೇ ಊರಿನವರ ಲೆಕ್ಕದಲ್ಲಿ ನಾನು ಗುಣವಾದೆ. ಕಾಲೇಜಿಗೆ ಮರಳಿದೆ. ಫ್ಯಾನಿನ ಸದ್ದು, ಕಾರಿಡಾರಿನ ಗದ್ದಲ, ಮೇಷ್ಟರ ಪಾಠ ಎಲ್ಲವೂ ಒಂದೇ ದನಿಯಲ್ಲಿ ಕಿವಿಗೆ ನುಗ್ಗುತ್ತಿದ್ದವು. ಒಂದು ತರಗತಿ ಮುಗಿಯುವಷ್ಟರಲ್ಲಿ ದಿನವಿಡೀ ಗದ್ದೆಯಲ್ಲಿ ನಾಟಿ ಮಾಡಿದವಳಂತೆ ಸುಸ್ತಾಗಿ ಬೆಂಚಿನ ಮೇಲೆ ತಲೆ ಇಡುತ್ತಿದ್ದೆ. "ಮನೇಲಿ ನಿದ್ದೆ ಮಾಡಲ್ವೇನಮ್ಮ?" ಎಂದು ಮೇಷ್ಟರು ಕೇಳಿದರೆ ತರಗತಿ ನಗುತ್ತಿತ್ತು. ಎಲ್ಲರ ನಗು ಮುಗಿದ ಮೇಲೆ ನನಗೆ ಅರ್ಥವಾಗಿ ನಾನೊಬ್ಬಳೇ ನಗುತ್ತಿದ್ದೆ. ಆಮೇಲೆ ನಗುವುದನ್ನು ಬಿಟ್ಟೆ. ಮಧ್ಯಾಹ್ನದ ಊಟವನ್ನು ಗ್ರಂಥಾಲಯದ ಹಿಂದೆ, ನೀರಿನ ಟ್ಯಾಂಕಿನ ನೆರಳಲ್ಲಿ ಒಬ್ಬಳೇ ಉಣ್ಣತೊಡಗಿದೆ.

ಮೇಘನ ಮೊದಮೊದಲು ಮನೆಗೆ ಬರುತ್ತಿದ್ದಳು. ಅಮ್ಮ ಕಾಫಿ ಕೊಟ್ಟು ನಮ್ಮಿಬ್ಬರನ್ನೇ ಬಿಟ್ಟು ಒಳಗೆ ಹೋಗುತ್ತಿದ್ದರು. ಮೇಘನ ಮಾತಾಡುತ್ತಿದ್ದಳು, ನಾನು ಪದ ಹುಡುಕುತ್ತಿದ್ದೆ. ಬರುವುದು ಅಪರೂಪವಾಯಿತು, ಆಮೇಲೆ ನಿಂತಿತು. ಒಂದು ದಿನ ಪಾಂಡವಪುರದ ಬಸ್ ನಿಲ್ದಾಣದಲ್ಲಿ ಎದುರಾದಳು. ಯಾಕೆ ಬರುವುದಿಲ್ಲ ಎಂದು ಕೇಳಿಯೇಬಿಟ್ಟೆ.

"ನಿನ್ ಜೊತೆ ಏನ್ ಮಾತಾಡ್ಬೇಕು ಅಂತ್ಲೇ ತಿಳಿಯಕಿಲ್ಲ ಕಣೇ. ನೀನು ಮೊದ್ಲಿನಂಗೆ ಇಲ್ವಲ್ಲ" ಎಂದು ಅತ್ತುಬಿಟ್ಟಳು. ಅವಳ ಬಸ್ಸು ಬಂತು, ಹತ್ತಿದಳು. ಹೇಳಬೇಕಾಗಿದ್ದ ಮಾತು ನನಗೆ ಹೊಳೆದದ್ದು ಬಸ್ಸು ಹೋದ ಮೇಲೆ. 'ಸುಮ್ಮನೆ ಕೂತಿದ್ದರೂ ಸಾಕಿತ್ತು' ಎಂಬುದು ಆ ಮಾತು.

ಅವಳನ್ನು ನಾನು ದೂರುವುದಿಲ್ಲ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಮಾನ್ಯರೇ, ನಿಮಗೆ ನಾವೇ ಬಂದು ಹೇಳಿದೆವಲ್ಲ? ಅಪ್ಪನಿಗೆ ಆ ವಾರ ಹಸು ಒದ್ದು ಮಂಡಿ ಊದಿತ್ತು. ಕುಂಟುತ್ತಲೇ ಜೊತೆಗೆ ಬಂದಿದ್ದರು. ತಲೆ ಎತ್ತಿದ ನೀವು ಅವರನ್ನು ನೋಡಿ, "ಅಂಗವಿಕಲರು ಇವರೇನಾ?" ಎಂದಿರಿ.

"ನಾನಲ್ಲ ಸಾ, ನಮ್ಮುಡ್ಗಿ. ನಂಗೆ ಹಸ ಒದ್ಬುಡ್ತು, ಅಷ್ಟೇಯ" ಅಂದರು ಅಪ್ಪ.

ನನಗೆ ಕೈ ಎತ್ತಲು ಹೇಳಿದಿರಿ, ಎತ್ತಿದೆ. ನಡೆಯಲು ಹೇಳಿದಿರಿ, ನಡೆದೆ. ಎರಡರಲ್ಲೂ ಉತ್ತೀರ್ಣಳಾದ್ದರಿಂದ ನನಗೆ ಯಾವ ನೆರವೂ ಬೇಕಿಲ್ಲವೆಂದು ತೀರ್ಮಾನವಾಯಿತು. "ತಲೆನೋವು ಅಂತ ಬಂದವರಿಗೆಲ್ಲ ಬೇರೆ ಕೋಣೆ ಕೊಡ್ತಾ ಹೋದ್ರೆ ಪರೀಕ್ಷೆ ನಡೆಸೋದು ಹೇಗೆ?" ಎಂದಿರಿ. ಒಳ್ಳೆಯ ಪ್ರಶ್ನೆ. ಮಿದುಳಿಗೆ ಪೆಟ್ಟು ಬಿದ್ದವಳನ್ನು ಕಾಲು ನೋಡಿ ಪರೀಕ್ಷಿಸುವುದು ಹೇಗೆ ಎಂಬುದು ನನ್ನ ಪ್ರಶ್ನೆ. ನನ್ನದಕ್ಕೆ ಅಂಕಗಳಿಲ್ಲ.

ಕೊಠಡಿಯಿಂದ ಎಬ್ಬಿಸಿದಾಗ ತಂಡದವರೊಬ್ಬರು, "ಯಾರ್ ಹತ್ರ ಮಾತಾಡ್ತಿದ್ದೆ?" ಎಂದು ಗದರಿದರು. ಗಾಬರಿಯಲ್ಲಿ ನನಗೆ ಒಂದು ಪದವೂ ಸಿಗಲಿಲ್ಲ. ಆ ಮೌನವನ್ನೇ ತಪ್ಪೊಪ್ಪಿಗೆ ಎಂದು ಬರೆದುಕೊಂಡರು. ಕಾರಿಡಾರಿನಲ್ಲಿ ನಿಂತಿದ್ದೆ. ಎಲ್ಲ ಕಿಟಕಿಗಳಿಂದಲೂ ನನ್ನನ್ನು ನೋಡುತ್ತಿದ್ದರು. ಆಮೇಲೆ ವೈದ್ಯರ ಪತ್ರ ನೋಡಿ ಎಚ್ಚರಿಕೆ ಕೊಟ್ಟು ಬಿಟ್ಟಿರಿ. ಆದರೆ ಆ ಉತ್ತರ ಪತ್ರಿಕೆಯನ್ನು ಮಾತ್ರ ತಿದ್ದಲಿಲ್ಲ. ನಾನು ನಕಲು ಮಾಡಿಲ್ಲ, ಆದರೂ ಫೇಲು. ಈ ನ್ಯಾಯ ನನಗೆ ಅರ್ಥವಾಗಿಲ್ಲ. ನನ್ನ ಮಿದುಳಿನ ದೋಷವೇ ಇರಬೇಕು.

ಆಸ್ಪತ್ರೆಯಲ್ಲಿ ಪರಿಚಯವಾದ ಲೋಕೇಶ್ ನಾಗಮಂಗಲದ ಹೊಣಕೆರೆ ಕಡೆಯವನು. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ನಾನು ನಿಧಾನವಾಗಿ ಮಾತಾಡಿದರೂ ಬೇಸರಪಡದವನು ಅವನೊಬ್ಬನೇ. ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ನಾನಂತೂ ಕಾಲೇಜು ಬುಟ್ಬುಟ್ಟೆ. ಹಸ ಮೇಯ್ಸಾಕೆ ಜಾಸ್ತಿ ನೆನಪು ಬ್ಯಾಡ. ನೀನೂ ಬುಟ್ಬುಡು ಅರ್ಪಿತಾ, ನಮ್ಮನ್ನ ಯಾರ್ ಕೇಳಾರು?" ಅಂದ. ಅವನು ಪಿಯುಸಿಯಲ್ಲಿ ಲೆಕ್ಕದಲ್ಲಿ ಕಾಲೇಜಿಗೇ ಮೊದಲಿಗನಾಗಿದ್ದವನು.

ನಾನು ಬಿಡುವುದಿಲ್ಲ. ನನಗೆ ಬೇಕಿರುವುದು ಸದ್ದಿಲ್ಲದ ಒಂದು ಕೋಣೆ, ಸ್ವಲ್ಪ ಹೆಚ್ಚು ಹೊತ್ತು, ನಡುವೆ ಕಣ್ಣು ಮುಚ್ಚಿ ಕೂರಲು ಅನುಮತಿ, ಪ್ರಶ್ನೆಯನ್ನು ಬಾಯಲ್ಲಿ ಓದಿಕೊಳ್ಳುವ ಹಕ್ಕು. ಪ್ರತಿ ಕಾಲೇಜಿನಲ್ಲೂ ನಮ್ಮಂಥವರ ಕಷ್ಟ ತಿಳಿದ ಒಬ್ಬ ಮೇಷ್ಟರಾದರೂ ಇರಲಿ. ಅವರು ನನಗೆ ಕಲಿಸದಿದ್ದರೂ ಪರವಾಗಿಲ್ಲ, ಮಿಕ್ಕವರಿಗೆ ನನ್ನ ಪಕ್ಕ ಕೂರುವುದನ್ನು ಕಲಿಸಲಿ. ತಿದ್ದದೆ ಇಟ್ಟಿರುವ ನನ್ನ ಉತ್ತರ ಪತ್ರಿಕೆಯನ್ನು ತಿದ್ದಿಸಿ.

ಕೊಡದಿದ್ದರೂ ಮುಂದಿನ ಪರೀಕ್ಷೆಗೆ ಬರುತ್ತೇನೆ. ಈ ಸಲ ಪ್ರಶ್ನೆಗಳನ್ನು ಇಡೀ ಕೊಠಡಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದುತ್ತೇನೆ. ಎಬ್ಬಿಸಲು ತಂಡದವರನ್ನು ಕಳಿಸಬೇಡಿ, ನೀವೇ ಬನ್ನಿ.

ಇಂತಿ,
ಜೊತೆಯವರೆಲ್ಲ ಪದವಿ ಮುಗಿಸಿಕೊಂಡು ಹೋದರೂ ಇನ್ನೂ ಮೂರನೇ ಸೆಮಿಸ್ಟರಿನಲ್ಲೇ ಕುಳಿತಿರುವ
ಅರ್ಪಿತ, ಕಿರಂಗೂರು